ಹೆಸರಿನ ಮೇಲೊಂದು ಹೆಸರು

ಪಾಸ್‌ಪೋರ್ಟ್ ಅರ್ಜಿಯಲ್ಲಿ 'ಸರ್‌ನೇಮ್' ಎಂಬ ಕಾಲಂ ಬಂದಾಗ ನಮ್ಮಲ್ಲಿ ಹಲವರ ಪೆನ್ನು ನಿಂತುಬಿಡುತ್ತದೆ. ತಂದೆಯ ಹೆಸರು ಬರೆಯಬೇಕೋ, ಊರಿನದೋ, ಖಾಲಿ ಬಿಡಬೇಕೋ? ತಮ್ಮ ಹೆಸರಿನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುವವರನ್ನೂ ಕಂಡಿದ್ದೇನೆ. ಆದರೆ ಈ ಪದ ಬೆಳೆದ ಇಂಗ್ಲೆಂಡಿನಲ್ಲೇ ಸಾವಿರ ವರ್ಷಗಳ ಹಿಂದೆ ಜನಸಾಮಾನ್ಯರಿಗೆ ಮನೆತನದ ಹೆಸರಿರಲಿಲ್ಲ.

ಇಲ್ಲಿನ 'ಸರ್' ನಾವು ಸಾಹೇಬರನ್ನು ಕರೆಯುವ ಸರ್ ಅಲ್ಲ. ಅದು 'ಮೇಲೆ' ಎಂಬರ್ಥದ ಫ್ರೆಂಚ್ ಪದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಅವರ ಭಾಷೆಯಿಂದ ಇಂಥ ಎಷ್ಟೋ ಮಾತುಗಳು ಇಂಗ್ಲಿಷಿಗೆ ಇಳಿದವು. ಇದ್ದ ಹೆಸರಿನ ಮೇಲೆ ಸೇರಿಸಿದ ಇನ್ನೊಂದು ಹೆಸರೇ ಸರ್‌ನೇಮ್. ಅದು ವಂಶದ್ದೇ ಆಗಬೇಕಿರಲಿಲ್ಲ. 1611ರ ಇಂಗ್ಲಿಷ್ ಬೈಬಲಿನಲ್ಲಿ ಸೈಮನ್ ಎಂಬ ಶಿಷ್ಯನ ಸರ್‌ನೇಮ್ ಪೀಟರ್. ಅದು ಗುರು ಕೊಟ್ಟದ್ದು, ತಾತನಿಂದ ಬಂದದ್ದಲ್ಲ.

'ನಿಕ್‌ನೇಮ್' ಕತೆ ಇನ್ನೂ ಸ್ವಾರಸ್ಯದ್ದು. ಮೊದಲು ಅದು 'ಎಕ್‌ನೇಮ್', ಅಂದರೆ ಹೆಚ್ಚುವರಿ ಹೆಸರು. ಅದರ ಹಿಂದೆ ಬರುತ್ತಿದ್ದ 'ಆ್ಯನ್' ಪದದ ನಕಾರ ಜನರ ಬಾಯಲ್ಲಿ ಮುಂದಕ್ಕೆ ಜಾರಿ ಇದಕ್ಕೆ ಅಂಟಿಕೊಂಡಿತು. ಹುಟ್ಟಿನಲ್ಲಿ ಎರಡರ ಅರ್ಥವೂ ಹೆಚ್ಚುಕಡಿಮೆ ಒಂದೇ. ನಮ್ಮ 'ಅಡ್ಡಹೆಸರು' ಇವತ್ತಿಗೂ ಎರಡಕ್ಕೂ ಸಲ್ಲುತ್ತದೆ.

ಇವನ್ನು ಬೇರೆ ಮಾಡಿದ್ದು ಆಸ್ತಿ ಮತ್ತು ದಫ್ತರ. ಜಮೀನು ಮಗನಿಗೆ ಬರುವಾಗ ಹೆಸರೂ ಬಂದರೆ ಅನುಕೂಲ. ಮೊದಲು ಜಮೀನ್ದಾರರು, ಬಳಿಕ ಉಳಿದವರು. 1400ರ ಸುಮಾರಿಗೆ ಹೆಚ್ಚಿನ ಕುಟುಂಬಗಳಲ್ಲಿ ಅದು ನೆಲೆಯೂರಿತು. ಸ್ಮಿತ್ ಎಂದರೆ ಕಮ್ಮಾರ. ಮಗ ಸುತ್ತಿಗೆ ಮುಟ್ಟದಿದ್ದರೂ ಸ್ಮಿತ್. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಚರ್ಚುಗಳು ಬರೆದಿಡಬೇಕೆಂದು ಆಜ್ಞೆ ಮಾಡಿದ. ದೀಕ್ಷಾಸ್ನಾನದಲ್ಲಿ ಇಟ್ಟದ್ದು 'ಕ್ರಿಶ್ಚಿಯನ್ ನೇಮ್'. ಅಬ್ದುಲ್ಲಾನಿಗೆ ಕ್ರಿಶ್ಚಿಯನ್ ನೇಮ್ ಯಾವುದೆಂದು ಕೇಳುವುದು ಹೇಗೆ? ನಮ್ಮ ಅರ್ಜಿಗಳಲ್ಲಿ ಈಗಿರುವುದು 'ಗಿವನ್ ನೇಮ್'. 'ಫಸ್ಟ್ ನೇಮ್' ಅಂತೂ ಚೀನಾ, ಹಂಗೇರಿಗಳಲ್ಲಿ ಸೋಲುತ್ತದೆ. ಅಲ್ಲಿ ಮನೆತನದ ಹೆಸರೇ ಮೊದಲು.

ಅರಬರು ಒಂದೊಂದಕ್ಕೂ ಒಂದು ಪದ ಇಟ್ಟುಕೊಂಡಿದ್ದರು. ಇಟ್ಟ ಹೆಸರು ಇಸ್ಮ್, ಮಗುವಿನಿಂದ ಬರುವ ಅಬೂ-ಉಮ್ಮು ಕುನ್ಯತ್, ತಂದೆ-ತಾತಂದಿರ ಸರಪಳಿ ನಸಬ್, ಊರು-ಕುಲದ್ದು ನಿಸ್ಬತ್, ಬಿರುದು ಲಕಬ್. ಗಣಿತಜ್ಞ ಅಲ್ ಖ್ವಾರಿಜ್ಮಿಯ ಇಸ್ಮ್ ಮುಹಮ್ಮದ್. ಲೋಕ ನೆನಪಿಟ್ಟದ್ದು ಊರಿನ ನಿಸ್ಬತನ್ನು. 'ಅಲ್ಗಾರಿದಂ' ಹುಟ್ಟಿದ್ದು ಅದರಿಂದ. ಅವರು ಇವತ್ತಿನ ಅರ್ಜಿಯಲ್ಲಿ ಏನೆಂದು ಬರೆಯುತ್ತಿದ್ದರೋ!

2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ಮಗನನ್ನು ನೋಡಲು ಹೊರಡುವ ತಾಯಿಯೂ ಆ ಖಾಲಿ ಕಾಲಮಿಗೆ ಸಿಕ್ಕಿಬೀಳಬಹುದಿತ್ತು. ಕೆಲವೇ ದಿನಗಳಲ್ಲಿ ನಿಯಮ ಸಡಿಲವಾಯಿತು: ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕು. ಸರ್‌ನೇಮ್ ಇಲ್ಲದವರನ್ನು ದಾಟಿಸಿದ್ದು ಕೊನೆಗೆ ಹಳೆಯ ನಸಬ್.