ಸಾಲ್ಮೊನೆಲ್ಲಾ

ಮೊಟ್ಟೆ, ಕೋಳಿಮಾಂಸದ ಸುರಕ್ಷತೆಯ ಮಾತು ಬಂದಾಗಲೆಲ್ಲ ಕೇಳಿಬರುವ ಈ ಹೆಸರಿಗೂ ಸಾಲ್ಮನ್ ಮೀನಿಗೂ ನಂಟಿಲ್ಲ. ಅಮೆರಿಕದ ಪಶುವೈದ್ಯ ಡೇನಿಯಲ್ ಎಲ್ಮರ್ ಸಾಲ್ಮನ್ ಅವರಿಂದ ಬಂದದ್ದು ಇದು. 1885ರಲ್ಲಿ ರೋಗಪೀಡಿತ ಹಂದಿಗಳಲ್ಲಿ ಈ ಬ್ಯಾಕ್ಟೀರಿಯಾವನ್ನು ಕಂಡವರು ಅವರ ಕೈಕೆಳಗಿದ್ದ ಥಿಯೊಬಾಲ್ಡ್ ಸ್ಮಿತ್. ಹೆಸರು ಮಾತ್ರ ಮೇಲಧಿಕಾರಿಗೆ ಸಂದಿತು! ಹಂದಿಜ್ವರಕ್ಕೆ ಇದೇ ಕಾರಣವೆಂಬ ಅಂದಿನ ಊಹೆಯೂ ತಪ್ಪು. ಅದು ವೈರಸ್‌ನ ಕೆಲಸವೆಂದು ಆಮೇಲೆ ತಿಳಿಯಿತು.

ಟೈಫಾಯ್ಡ್ ತರುವ 'ಸಾಲ್ಮೊನೆಲ್ಲಾ ಟೈಫಿ' ಮನುಷ್ಯರಲ್ಲಷ್ಟೇ ನೆಲೆಸುತ್ತದೆ. ಕೋಳಿಯಿಂದ ಬರುವ ಅದರ ದಾಯಾದಿಗಳು ವಾಂತಿಭೇದಿ ತರಿಸುತ್ತವೆ. ಸೋಂಕಿತ ಕೋಳಿಯ ಮೊಟ್ಟೆಯೊಳಗೆ, ಚಿಪ್ಪು ಮೂಡುವ ಮೊದಲೇ, ಇವು ಸೇರಿಕೊಳ್ಳಬಲ್ಲವು. ಹಾಗಾಗಿ ಚಿಪ್ಪು ತೊಳೆದರೆ ಸಾಲದು.

ಹಸಿ ಮೊಟ್ಟೆಯ ಮೇಯನೇಸ್ ಅನ್ನು ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ ನಿಷೇಧಿಸಿದವು. ಮನೆಯಲ್ಲೂ ಹಳದಿ, ಬಿಳಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿ.