ಬೋರಘಾಟದ ಬಿಸಿ, ರೇಡಿಯೇಟರಿನ ಬೊಂಬೆ

ಮುಂಬಯಿಯಿಂದ ಪುಣೆಗೆ ಹೋಗುವ ಹಳೆಯ ರಸ್ತೆಯು ಖೋಪೋಲಿಯ ಬಳಿ ಬೋರಘಾಟವನ್ನು ಹತ್ತಿ, ಖಂಡಾಲಾ, ಲೋಣಾವಳಾಗಳನ್ನು ದಾಟಿ, ಮರಾಠಾ ಸೇನಾಪತಿಗಳಾಗಿದ್ದ ದಾಭಾಡೆ ಮನೆತನದ ಹೆಸರನ್ನು ಹೊತ್ತ ತಳೇಗಾಂವದ ಮಗ್ಗುಲಿಗೆ ಬರುತ್ತದೆ. ಜಾನ್ ಮಾಲ್ಕಮ್ ಮುಂಬಯಿಯ ಗವರ್ನರ್ ಆಗಿದ್ದಾಗ, 1830ರಲ್ಲಿ, ಗಾಡಿಗಳ ಸಂಚಾರಕ್ಕೆ ತೆರೆದ ಈ ಏರನ್ನು ಇಪ್ಪತ್ತನೆಯ ಶತಮಾನದ ಆರಂಭದ ಮೋಟಾರುಗಳು ಹತ್ತುವಾಗ ಎಂಜಿನ್ನನ್ನು ತಣಿಸಬೇಕಾದ ರೇಡಿಯೇಟರಿನ ನೀರೇ ಕುದಿಯತೊಡಗುವ ಭಯವಿತ್ತು. ಹಳೆಯ ಕಾರುಗಳ ಅಲಂಕಾರದ ಇತಿಹಾಸವನ್ನು ಈ ಕುದಿಯುವ ನೀರಿನಿಂದ ಆರಂಭಿಸುವುದೇ ಯುಕ್ತ. ಏಕೆಂದರೆ ಇಂದು ಒಡೆಯನ ಅಭಿರುಚಿಯ ಗುರುತೆನಿಸಿರುವ ಬಿಡಿ ಸಾಮಗ್ರಿಗಳಲ್ಲಿ ಹಲವು ರಸ್ತೆಯ ಅಗತ್ಯದಿಂದ ಹುಟ್ಟಿದವು.

ಅಮೆರಿಕದಲ್ಲಿ 1912ರ ಸುಮಾರಿಗೆ ಬಳಕೆಗೆ ಬಂದ ಬಾಯ್ಸ್ ಮೋಟೋಮೀಟರ್ ಎಂಬುದು ರೇಡಿಯೇಟರಿನ ಮುಚ್ಚಳದ ಮೇಲೆ ಕೂರಿಸುವ ತಾಪಮಾಪಕವಾಗಿದ್ದು, ಚಾಲಕನು ಕುಳಿತಲ್ಲಿಂದಲೇ ಅದನ್ನು ಓದಬಹುದಾಗಿತ್ತು. ತಾಪಮಾಪಕವು ಮುಂದೆ ಚಾಲಕನ ಎದುರಿನ ಫಲಕಕ್ಕೆ ಸರಿದಾಗ, ಮುಚ್ಚಳವು ಬೊಂಬೆಗಳಿಗಷ್ಟೇ ಉಳಿಯಿತು. ಒಡೆಯರು ತಮಗೆ ತೋಚಿದ ಬೊಂಬೆಗಳನ್ನು ಕೂರಿಸಿ ಕಾರಿನ ಗಾಂಭೀರ್ಯವನ್ನು ಕೆಡಿಸುತ್ತಿದ್ದಾರೆಂದು ಬೇಸತ್ತ ರೋಲ್ಸ್ ರಾಯ್ಸ್ ಕಂಪನಿಯು 1911ರಲ್ಲೇ ಶಿಲ್ಪಿ ಚಾರ್ಲ್ಸ್ ಸೈಕ್ಸ್‌ನಿಂದ 'ಸ್ಪಿರಿಟ್ ಆಫ್ ಎಕ್ಸ್‌ಟಸಿ' ಎಂಬ ಬೊಂಬೆಯನ್ನು ಮಾಡಿಸಿತ್ತು. ಫ್ರಾನ್ಸಿನ ರೆನೆ ಲಾಲಿಕ್ 1925ರಿಂದ ಗಾಜಿನಲ್ಲೇ ಇಂಥ ಬೊಂಬೆಗಳನ್ನು ಎರೆದನು. ತಳೇಗಾಂವದಲ್ಲಿಯೂ ಆ ಹೊತ್ತಿಗೆ, ಜನರು ಪೈಸೆಪೈಸೆಯಾಗಿ ಕೊಟ್ಟ ವಂತಿಗೆಯಿಂದ 1908ರಲ್ಲಿ ಆರಂಭವಾದ ಪೈಸಾ ಫಂಡ್ ಗಾಜಿನ ಕಾರ್ಖಾನೆಯಿತ್ತು. ಎರಡಕ್ಕೂ ಸಂಬಂಧವಿಲ್ಲವಾದರೂ, ಒಂದೇ ಕಾಲದ ಗಾಜು ಒಂದೆಡೆ ಸ್ವದೇಶಿಯ ವ್ರತವಾಗಿಯೂ ಇನ್ನೊಂದೆಡೆ ಸಿರಿವಂತರ ಷೋಕಿಯಾಗಿಯೂ ಇದ್ದುದು ಗಮನಾರ್ಹ.

ಷೋಕಿಯ ತುದಿಯನ್ನು ಕಾಣಬೇಕಾದರೆ 1910ರಲ್ಲಿ ಕಲ್ಕತ್ತೆಯ ಮ್ಯಾಥ್ಯೂಸನ್ ಎಂಬ ಬ್ರಿಟಿಷನು ಇಂಗ್ಲೆಂಡಿನ ಬ್ರೂಕ್ ಕಂಪನಿಯಿಂದ ಮಾಡಿಸಿದ ಹಂಸದ ಆಕಾರದ ಕಾರನ್ನು ನೋಡಬೇಕು. ಕೊಕ್ಕಿನಿಂದ ಉಗಿಯನ್ನು ಚಿಮ್ಮಿಸಿ ದಾರಿ ಬಿಡಿಸಿಕೊಳ್ಳುತ್ತಿದ್ದ ಆ ವಾಹನವು ಮುಂದೆ ನಾಭಾ ಸಂಸ್ಥಾನದ ಅರಸರ ಪಾಲಾಗಿ, ಈಗ ನೆದರ್ಲೆಂಡ್ಸಿನ ಲೌಮನ್ ಸಂಗ್ರಹಾಲಯದಲ್ಲಿದೆ. ಕೋಟಾದ ಮಹಾರಾವ್ ಎರಡನೆಯ ಉಮ್ಮೇದ್ ಸಿಂಗ್ 1925ರ ರೋಲ್ಸ್ ರಾಯ್ಸ್ ಫ್ಯಾಂಟಮ್‌ಗೆ ಹಾಕಿಸಿದ ಭಾರಿ ಶೋಧದೀಪಗಳಾದರೋ ಹುಲಿಬೇಟೆಗೆಂದೇ ಇದ್ದವು. ಬೇಟೆಯನ್ನು ಇಂದು ಯಾರೂ ಮೆಚ್ಚಲಾರರು. ಆದರೆ ಬಿಡಿ ಸಾಮಗ್ರಿಯು ಕೆಲಸಕ್ಕೆ ಹೊಂದಿರಬೇಕೆಂಬ ಅಳತೆಗೋಲಿನಲ್ಲಿ ಹಂಸಕ್ಕಿಂತ ಕೋಟಾದ ಕಾರು ಎಷ್ಟೋ ಮೇಲು.

ಕಾರ್ಖಾನೆಯೇ ಎಲ್ಲವನ್ನೂ ಜೋಡಿಸಿ ಕಳುಹಿಸುವ ಕಾಲದಲ್ಲಿ ಇಂಥ ಆಯ್ಕೆಗೆ ಎಡೆ ಕಡಿಮೆ. ತಳೇಗಾಂವದಲ್ಲೇ ಜನರಲ್ ಮೋಟರ್ಸ್ 2008ರಿಂದ 2020ರವರೆಗೆ ಷೆವರ್ಲೆ ಕಾರುಗಳನ್ನು ತಯಾರಿಸಿತು; ಆ ಕಾರ್ಖಾನೆಯೀಗ ಹ್ಯುಂಡೈಯದಾಗಿದೆ. ಹಳೆಯ ಕಾರುಗಳ ವಿಷಯದಲ್ಲಿ ಕಾನೂನೂ ಬಿಗಿಯಾಗಿದೆ: 2021ರ ಕೇಂದ್ರದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ್ದು, ಚಾಸಿ, ಮೈಕವಚ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ವಾಹನಕ್ಕೆ ಮಾತ್ರ 'ವಿಂಟೇಜ್' ಎಂಬ ಮನ್ನಣೆಯೂ 'ವಿಎ' ಸರಣಿಯ ಸಂಖ್ಯೆಯೂ ದೊರೆಯುತ್ತವೆ, ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ.

ಈ ಮೂಲಸ್ವರೂಪದ ನಿಷ್ಠೆ ಸರಿಯಾದದ್ದೇ. ಆದರೆ ಅದನ್ನು ಅತಿಗೆ ಒಯ್ದು, ಮೊದಲ ಒಡೆಯನೇ ಆ ಕಾಲದಲ್ಲಿ ಹಾಕಿಸಿದ ದೀಪವನ್ನೋ ಬಲೂನು ಹಾರ್ನನ್ನೋ ಕಿತ್ತುಹಾಕುವುದು ಕಾರಿನ ಚರಿತ್ರೆಯ ಒಂದು ಪುಟವನ್ನೇ ಹರಿದಂತೆ. ನಿನ್ನೆ ಮೊನ್ನೆ ಅಂಟಿಸಿದ ಕ್ರೋಮ್ ಪಟ್ಟಿಗೆ ಹಾಗೆ ಉಳಿಯುವ ಹಕ್ಕಿಲ್ಲ. ಧರ್ಮಸ್ಥಳದ ಮಂಜೂಷಾದಲ್ಲೋ ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲೋ ಹಳೆಯ ಕಾರುಗಳನ್ನು ನೋಡುವವರು ಎಂಜಿನ್ನಿನ ಶಕ್ತಿಯನ್ನು ವಿಚಾರಿಸಿದಷ್ಟೇ ಆಸ್ಥೆಯಿಂದ ಮುಚ್ಚಳ, ದೀಪ, ಹಾರ್ನುಗಳನ್ನೂ ಗಮನಿಸಬೇಕು. ದುರಸ್ತಿಗೆ ಕೈಹಾಕುವವರು ಯಾವುದನ್ನೇ ಬಿಚ್ಚುವ ಮೊದಲು ಮನೆಯ ಹಳೆಯ ಫೋಟೋಗಳನ್ನೂ ರಸೀದಿಗಳನ್ನೂ ಹುಡುಕಿ ನೋಡಬೇಕು.