ಕಾಠಿ ರೋಲ್

ಕಾಠಿ ರೋಲ್ ಕೋಲ್ಕತ್ತ ನಗರದಲ್ಲಿ ಹುಟ್ಟಿದ ಜನಪ್ರಿಯ ತಿನಿಸು. ಕೆಂಡದಲ್ಲಿ ಸುಟ್ಟ ಕಬಾಬ್‌ ತುಂಡುಗಳನ್ನು ಪರಾಠದ ಮೇಲಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ ಸೇರಿಸಿ, ಸುರುಳಿ ಸುತ್ತಿ ಕಾಗದದಲ್ಲಿ ಕೊಡುತ್ತಾರೆ.

ಇತಿಹಾಸ

ಇದರ ಮೂಲವನ್ನು ಹಾಗ್ ಮಾರುಕಟ್ಟೆಯ ಸಮೀಪದ ‘ನಿಜಾಮ್ಸ್’ ಉಪಾಹಾರಗೃಹದಲ್ಲಿ ಗುರುತಿಸಲಾಗುತ್ತದೆ. ಅವಸರದ ಗಿರಾಕಿಗಳು ನಡೆಯುತ್ತಲೇ ತಿನ್ನಲೆಂದು ಇದನ್ನು ರೂಪಿಸಲಾಯಿತು ಎಂಬುದು ಒಂದು ಪ್ರತೀತಿ. ಕೈಗೆ ಜಿಡ್ಡು ತಾಗಬಾರದೆಂದ ಬ್ರಿಟಿಷರಿಗಾಗಿ ಎಂಬುದು ಇನ್ನೊಂದು. ಎರಡೂ ಬಾಯಿಮಾತಿನಿಂದ ಬಂದ ಕಥೆಗಳು.

ಹೆಸರು

ಬಂಗಾಳಿಯಲ್ಲಿ ‘ಕಾಠಿ’ ಎಂದರೆ ಕಡ್ಡಿ. ಮೊದಲು ಮಾಂಸವನ್ನು ಭಾರವಾದ ಕಬ್ಬಿಣದ ಸರಳುಗಳಿಗೆ ಪೋಣಿಸುತ್ತಿದ್ದರು. 1960ರ ದಶಕದಲ್ಲಿ ಹಗುರವಾದ ಬಿದಿರಿನ ಕಡ್ಡಿಗಳು ಬಳಕೆಗೆ ಬಂದವು. ಹೆಸರು ಅವುಗಳಿಂದಲೇ ಬಂದಿತು. ಇಂದು ಕಡ್ಡಿಯ ಸಂಪರ್ಕವೇ ಇಲ್ಲದ ಮೊಟ್ಟೆ, ಪನೀರ್, ಆಲೂಗಡ್ಡೆಯ ಸುರುಳಿಗಳಿಗೂ ಕೋಲ್ಕತ್ತದ ಹೊರಗೆ ಇದೇ ಹೆಸರು ಸಲ್ಲುತ್ತದೆ. ಕೋಲ್ಕತ್ತದವರು ಸಾಮಾನ್ಯವಾಗಿ ‘ರೋಲ್’ ಎಂದಷ್ಟೇ ಕರೆಯುತ್ತಾರೆ.